ಡ್ರಮ್ಮಿನ ನಲ್ಲಿ, ನನ್ನ ಎಡಗೈ

ನೀರಿನ ಬಗ್ಗೆ ನನ್ನ ಮುಂದ ಯಾರೂ ಮಾತಾಡಬ್ಯಾಡ್ರಿ. ದಿನಕ್ಕ ಮುಕ್ಕಾಲು ಲೀಟರ್ ನನಗ. ಅದರಾಗ ಚಾ ಬಂತು, ಮಜ್ಜಿಗಿ ಬಂತು, ಅನ್ನದ ಮ್ಯಾಲಿನ ಸಾರು ಬಂತು, ಮಾತ್ರಿ ನುಂಗೋ ಗುಟುಕೂ ಬಂತು. ಕಿಡ್ನಿ ಎರಡೂ ಕೆಲಸ ಬಿಟ್ಟ ಮ್ಯಾಲೆ ಕುಡಿದಿದ್ದು ಹೊರಗ ಹೋಗಂಗಿಲ್ಲ, ಮೈಯಾಗ ನಿಲ್ತೈತಿ, ಆಮ್ಯಾಲೆ ಉಸಿರಿಗೆ ಬರ್ತೈತಿ. ನಮ್ಮ ಏರಿಯಾದಾಗ ನಲ್ಲಿ ನೀರು ಬರೋದು ಎಂಟು ಒಂಬತ್ತು ದಿನಕ್ಕೊಮ್ಮೆ. ಹೆಂಗಸರು ನೀರಿಲ್ಲ ನೀರಿಲ್ಲ ಅಂತ ಬಾಯಿ ಬಡ್ಕೊಂತಾರ. ನಾನು ಮನಿ ತುಂಬ ನೀರಿಟ್ಕೊಂಡು ಕುಡಿಯಂಗಿಲ್ಲದಾಕಿ. ಯಾರ ಮುಂದ ಬಾಯಿ ಬಡ್ಕೊಳ್ಳಲಿ?

ನಾನು ರೇಣುಕಾ, ಕೊಟ್ಟೂರಿನಾಕಿ. ಹದಿನಾಲ್ಕು ವರ್ಷ ಬಸ್ಸಿನಾಗ ಕಂಡಕ್ಟರ್ ಆಗಿದ್ದೆ. ಹರಪನಹಳ್ಳಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಈ ಸುತ್ತಿನಾಗ ನನ್ನ ಬಾಯಿ ಕೇಳದ ಊರಿಲ್ಲ. “ಚಿಗಟೇರಿ ಇಳಿಯೋರು ಏಳ್ರೀ! ಏ ಯಜಮಾನ್ರ, ನಿದ್ದಿ ಮನಿಗೆ ಹೋಗಿ ಮಾಡ್ರಿ!” ಅಂತ ಒದರಿದ್ರ ಹಿಂದಿನ ಸೀಟಿನ ಕೂಸೂ ಎದ್ದು ಅಳ್ತಿತ್ತು. ಮಂದಿ ಬೈತಿದ್ರು. ಬೈಲಿ ಬಿಡ್ರಿ, ಅವರ ಊರು ದಾಟಿ ಹೋದ್ರ ಆಮ್ಯಾಲೆ ಬೈಯೋದೂ ನನ್ನನ್ನ.

ಈ ಕೆಲಸದಾಗ ನಾನು ಎರಡು ಕಲಿತೆ. ಒಂದು, ನೀರು ಕುಡಿಯದೆ ಇರೋದು. ಗಂಡಸರಿಗೆ ಯಾವ ಜಾಲಿ ಗಿಡದ ಮರೆಯಾದ್ರೂ ಆತು, ನಾವೆಲ್ಲಿಗೆ ಹೋಗೋಣ? ಬೆಳಿಗ್ಗೆ ಒಂದು ಲೋಟ, ಮತ್ತ ಮನಿಗೆ ಬಂದ ಮ್ಯಾಲೆ. ಇನ್ನೊಂದು, ಕೂತಲ್ಲೇ ನಿದ್ದಿ ಮಾಡೋದು. ಎರಡು ಟ್ರಿಪ್ಪಿನ ನಡುವ ಇಪ್ಪತ್ತು ನಿಮಿಷ ಸಿಕ್ರ, ಮುಂದಿನ ಸೀಟಿನ ಕಂಬಿ ಮ್ಯಾಲೆ ಎಡಗೈ ಮಡಚಿ ಇಡ್ತಿದ್ದೆ, ಅದರ ಮ್ಯಾಲೆ ತಲಿ, ಬಲಗೈಯಾಗ ರೊಕ್ಕದ ಚೀಲ ಗಟ್ಟಿ ಹಿಡ್ಕೊಂಡು ಕಣ್ಣು ಮುಚ್ಚಿದ್ರ ಆತು. ಎಷ್ಟೇ ಗಾಢ ನಿದ್ದಿ ಇರ್ಲಿ, ಚೀಲ ಹಿಡಿದ ಕೈ ಸಡಿಲ ಆಗ್ತಿರಲಿಲ್ಲ. ಡ್ರೈವರ್‌ಗಳು ನೋಡಿ ನಗ್ತಿದ್ರು. ಆ ನಿದ್ದಿನೇ ನನ್ನ ಮುಗಿಸ್ತು. ಅದನ್ನ ಹೇಳಾಕ ಇದನ್ನ ಬರೀತಿದ್ದೀನಿ.

ಕಾಲು ಬಾತಿದ್ದು ನಿಂತು ಡ್ಯೂಟಿ ಮಾಡಿದ್ದಕ್ಕ ಅಂದ್ಕೊಂಡೆ. ನಡ ನೋವಿಗೆ ಬಸ್‌ಸ್ಟ್ಯಾಂಡಿನ ಮೆಡಿಕಲ್ ಶಾಪಿನ ಮಾತ್ರಿ ನಾಲ್ಕೈದು ವರ್ಷ ಕಡ್ಲಿ ತಿಂದಂಗ ತಿಂದೆ. ಒಂದಿನ ನೀಲಗುಂದದ ಹೆಣ್ಮಗಳೊಬ್ಬಳು ಟಿಕೆಟ್ ತಗೊಂಡು ನನ್ನ ಮುಖ ನೋಡಿ, “ಅಕ್ಕಾರ, ಯಾಕ್ರೀ ಮಕ ಹಿಂಗ ಬಾತೈತಿ?” ಅಂದ್ಳು. “ಚಿಲ್ಲರ ಐತೇನು ಹೇಳು” ಅಂತ ಬೈದು ಕಳಿಸಿದೆ. ವಾರದಾಗ ಉಸಿರು ಕಟ್ಟಿ ದಾವಣಗೆರೆಗೆ ಒಯ್ದ್ರು.

ಅಲ್ಲಿ ಡಾಕ್ಟರು ರಿಪೋರ್ಟ್ ನೋಡಿ ಕನ್ನಡಕ ತೆಗೆದು ಟೇಬಲ್ ಮ್ಯಾಲಿಟ್ರು. “ಡ್ಯೂಟಿಗೆ ಯಾವತ್ತು ಹೋಗ್ಲಿ ಸರ್?” ಅಂತ ಕೇಳಿದೆ. “ಮೊದ್ಲು ಕೂತ್ಕೊಳ್ಳಮ್ಮ” ಅಂದ್ರು. ನಾನು ಕೂತೇ ಇದ್ದೆ. ವಾರಕ್ಕೆರಡು ಸಲ ಮಷಿನ್ನಿಗೆ ಹಾಕಿ ರಕ್ತ ತೊಳೀಬೇಕು, ಇರೋತನಕ ಅಂತ ಹೇಳಿದ್ರು. ನನ್ನ ಗಂಡ ಮಾರುತಿ ಗೌಂಡಿ ಕೆಲಸದೋನು. ಹೊರಗ ಬಂದು ಬೆಂಚಿನ ಮ್ಯಾಲೆ ಕೂತು ಅರ್ಧ ತಾಸು ನೆಲ ನೋಡಿ, “ಈ ಟೈಲ್ಸ್ ಸರಿ ಕುಂದ್ರಿಸಿಲ್ಲ ನೋಡು” ಅಂದ. ಅಷ್ಟೇ ಅಂದಿದ್ದು. ಆವತ್ತು ಅವನ ಮ್ಯಾಲೆ ಮೈಯೆಲ್ಲ ಉರೀತು. ಅತ್ತಿ ದುರುಗಮ್ಮ “ನನ್ನ ಕಿಡ್ನಿ ತೆಗೀರಿ, ನನಗ್ಯಾಕ ಬೇಕು ಇನ್ನ” ಅಂದ್ಳು. ಆಕಿಗೆ ಸಕ್ಕರಿ ಕಾಯಿಲಿ, ಮಾರುತಿಗೆ ಬಿಪಿ, ಇಬ್ಬರದೂ ಬರಂಗಿಲ್ಲ ಅಂದ್ರು. ಪಿಯುಸಿ ಓದೋ ಮಗಳು ಶಿಲ್ಪಾ “ಹಂಗಾರ ನಂದು” ಅಂದಾಗ ಅವಳ ಕಪಾಳಕ್ಕ ಹೊಡದೆ. ಅವಳನ್ನ ಹೊಡೆದಿದ್ದು ಅದೊಂದೇ ಸಲ.

ಮಷಿನ್ನಿಗೆ ಹಾಕಬೇಕಂದ್ರ ಕೈಯಾಗ ಎರಡು ರಕ್ತನಾಳ ಸೇರಿಸಿ ಹೊಲೀತಾರ. ಫಿಸ್ಟುಲಾ ಅಂತಾರ. ಮುಂಗೈ ಹತ್ರ ಮಾಡಿದ್ದು ತಿಂಗಳದಾಗ ತಾನಾಗೇ ಹೋತು. ಎರಡನೇದು ಎಡಗೈ ಮೊಣಕೈ ಮಡಚೋ ಜಾಗದ ಮ್ಯಾಲೆ ಮಾಡಿದ್ರು. ಆಪರೇಷನ್ ಮಾಡಿದ ಡಾಕ್ಟರು ನನ್ನ ಕೈ ಹಿಡ್ಕೊಂಡೇ ಹೇಳಿದ್ರು. “ನೋಡಮ್ಮ, ನಿನ್ನ ನರ ಭಾಳ ಸಣ್ಣ. ಬಲಗೈಯಲ್ಲಿ ಇನ್ನೂ ಸಣ್ಣ. ಇದೇ ಕಡೇದು ಅಂತ ತಿಳ್ಕೋ. ಈ ಕೈಗೆ ಭಾರ ಹಾಕಬ್ಯಾಡ, ಬಳಿ ಹಾಕಬ್ಯಾಡ, ಮಡಚಿ ತಲಿ ಕೆಳಗೆ ಇಟ್ಕೊಂಡು ಮಲಗಬ್ಯಾಡ. ಇದು ಹೋದ್ರೆ ಕುತ್ತಿಗೆಗೆ ಪೈಪ್. ಪೈಪಿಗೆ ನಂಜು ಆಗೋದು ಯಾವಾಗ ಅಂತ ಹೇಳಕ್ಕಾಗಲ್ಲ.”

ಆ ಜಾಗದ ಮ್ಯಾಲೆ ಬೆರಳಿಟ್ರ ಒಳಗ ಝುಂ ಅಂತ ನಡುಗ್ತಿತ್ತು. ಎಂಜಿನ್ ಚಾಲೂ ಇಟ್ಟು ನಿಂತ ಬಸ್ಸಿನ ಬಾನೆಟ್ ಮ್ಯಾಲೆ ಕೈ ಇಟ್ಟಂಗ. ದಿನಾ ರಾತ್ರಿ ಮಲಗೋಕಿಂತ ಮೊದಲು ಶಿಲ್ಪಾ ಬಂದು ನನ್ನ ತೋಳಿಗೆ ಕಿವಿ ಹಚ್ಚಿ, “ಅವ್ವಾ, ಬಂಡಿ ಚಾಲೂ ಐತಿ” ಅಂತಿದ್ಳು. “ರೈಟ್ ರೈಟ್” ಅಂತಿದ್ದೆ ನಾನು. ಆ ಒಂದು ಮಾತಿಗೆ ನಾವಿಬ್ರೂ ನಗ್ತಿದ್ವಿ. ಬ್ಯಾರೆ ನಗುವಂಥದ್ದು ಮನ್ಯಾಗ ಏನೂ ಇರಲಿಲ್ಲ.

ಡಯಾಲಿಸಿಸ್‌ಗೆ ಬುಧವಾರ, ಶನಿವಾರ ಹಗರಿಬೊಮ್ಮನಹಳ್ಳಿಗೆ ಹೋಗ್ತಿದ್ದೆ. ನಾನೇ ಟಿಕೆಟ್ ಹರಿದ ರೂಟಿನಾಗ ನಾನೇ ಕಿಟಕಿ ಪಕ್ಕ ಕೂತ್ಕೊಂಡು. ನನ್ನ ಪಕ್ಕದ ಬೆಡ್ಡಿಗೆ ಕೋಗಳಿ ಕಡೆಯ ಒಬ್ಬ ಯಜಮಾನ ಬರ್ತಿದ್ದ, ಕುರಿ ಕಾಯೋನು, ಹೆಗಲ ಮ್ಯಾಲೆ ಕಂಬಳಿ. ಒಂದಿನ ನಾನು ನೀರಡಿಕಿ ಅಂತ ಅಳೋದು ನೋಡಿ, ಜೇಬಿನಿಂದ ಒಂದು ನುಣ್ಣನೆ ಬೆಣಚುಕಲ್ಲು ತೆಗೆದು ಕೊಟ್ಟ. “ಬಾಯಾಗ ಇಟ್ಗಾ ತಂಗಿ. ಬ್ಯಾಸಿಗ್ಯಾಗ ಕುರಿ ಹಿಂದ ಹೋದಾಗ ನಾವು ಹಿಂಗ ಮಾಡ್ತೀವಿ. ಬಾಯಿ ನೀರೂರ್ತೈತಿ, ಕುಡದಂಗ ಮೋಸ ಮಾಡ್ತೈತಿ.” ಕಲ್ಲು ತೊಳೆದು ಬಾಯಾಗ ಇಟ್ಕೊಂಡೆ. ಖರೇನ, ಒಂದೀಟು ತಡೀತು. ಎರಡು ತಿಂಗಳ ಮ್ಯಾಲೆ ಆ ಬೆಡ್ಡಿನಾಗ ಬ್ಯಾರೆ ಯಾರೋ ಮಲಗಿದ್ರು. ಯಜಮಾನ ಎಲ್ಲಿ ಅಂತ ನಾನು ಕೇಳಲಿಲ್ಲ, ಮಷಿನ್ ನಡಸೋ ಟೆಕ್ನಿಷಿಯನ್ ಮೇಡಂ ಹೇಳಲಿಲ್ಲ.

ಇನ್ನ ಆ ಶನಿವಾರಕ್ಕ ಬರ್ತೀನಿ.

ಶುಕ್ರವಾರ ರಾತ್ರಿ ನೀರು ಬಿಟ್ಟಿದ್ರು, ಒಂಬತ್ತು ದಿನದ ಮ್ಯಾಲೆ. ನಮ್ಮ ಮನಿ ಓಣಿ ತುದ್ಯಾಗ ಐತಿ, ಸಣ್ಣ ಧಾರಿ. ಮೂರೂ ಮಂದಿ ಬೆಳತನಕ ನಿದ್ದಿಗೆಟ್ಟು ಕೊಡ, ಬಕೇಟು, ತೊಟ್ಟಿ, ಹಿತ್ತಲದ ನೀಲಿ ಡ್ರಮ್ಮು ಎಲ್ಲ ತುಂಬಿಸ್ಯಾರ. ನಾನು ಕೊಡ ಎತ್ತಂಗಿಲ್ಲ, ಪೈಪು ಹಿಡ್ಕೊಂಡು ನಿಂತಿದ್ದೆ, ಅತ್ತಿ ಅದನ್ನೂ ಕಸಗೊಂಡು “ನೀ ಮಲಗಿ ಸಾಯವ್ವ, ಬೆಳಿಗ್ಗೆ ಆಸ್ಪತ್ರಿಗೆ ಹೋಗಬೇಕು” ಅಂದ್ಳು. ಪ್ರೀತಿಲೆ ಅಂದಿದ್ದು. ಆದ್ರ ಮಲಗಿದಾಕಿಗೆ ನಿದ್ದಿ ಬರ್ಲಿಲ್ಲ. ನನ್ನಿಂದ ಈ ಮೂರು ಜನಕ್ಕ ಏನು ಉಪಯೋಗ ಅಂತ ಅದೇ ಕೊರೀತಿತ್ತು.

ಬೆಳಿಗ್ಗೆ ಮಾರುತಿ “ನಾನೂ ಬರ್ತೀನಿ” ಅಂತ ಎದ್ದು ಅಂಗಿ ಹಾಕ್ಕೊಂಡ. ಕಣ್ಣು ಕೆಂಪಗಿದ್ವು. “ಬ್ಯಾಡ, ನಾನೇನು ಬಸ್ಸು ಕಾಣದಾಕಿ?” ಅಂತ ಒಬ್ಬಳೇ ಹೋದೆ. ಆವತ್ತು ಮಷಿನ್ನಿನಾಗ ಬಿಪಿ ಕೆಳಗ ಬಿತ್ತು. ಟೆಕ್ನಿಷಿಯನ್ ಮೇಡಂ ಕಾಲು ಎತ್ತಿಸಿ ಮಲಗಿಸಿ, “ಮನಿಗೆ ಹೋಗಿ ಸೀದಾ ಮಲಗ್ರಿ ಅಕ್ಕ, ಕೆಲಸ ಗಿಲಸ ಅಂತ ಹೊರಡಬ್ಯಾಡ್ರಿ” ಅಂದ್ಳು. ಮನಿಗೆ ಬಂದಾಗ ಮಧ್ಯಾಹ್ನ ಎರಡಾಗಿತ್ತು.

ಬಾಗಿಲು ದೂಡಿ ಒಳಗ ಬಂದ್ರ ಪಡಸಾಲ್ಯಾಗ ಮೂವರೂ ಸಾಲಾಗಿ ಮಲಗ್ಯಾರ. ಅತ್ತಿ ಬಾಯಿ ತೆಕ್ಕೊಂಡು, ಶಿಲ್ಪಾ ಕಾಲೇಜಿನ ಬಟ್ಟ್ಯಾಗೇ, ಮಾರುತಿ ಗ್ವಾಡಿ ಕಡೆ ಮಕ ಮಾಡಿ. ಗ್ವಾಡಿ ಮ್ಯಾಲಿನ ಬುದ್ಧನ ಫೋಟೋನೂ ಕಣ್ಣು ಮುಚ್ಚಿಕೊಂಡೇ ಐತಿ. ನಾನೂ ಚಾಪಿ ಹಾಸಿ ತಲಿ ಇಟ್ಟೆ. ಆಗ ಕೇಳಿಸ್ತು.

ಟಣ್.

ಹಿತ್ತಲದ ಡ್ರಮ್ಮಿಗೆ ಮಾರುತಿನೇ ಒಂದು ನಲ್ಲಿ ಕೂಡಿಸಿದ್ದ. ಅದರ ವಾಷರ್ ಸವೆದು ವಾರ ಆಗಿತ್ತು. ಹಾಕ್ತೀನಿ, ಹಾಕ್ತೀನಿ ಅಂತ ದಿನಾ ಅಂತಿದ್ದ. ಡ್ರಮ್ಮು ಖಾಲಿ ಇದ್ದಾಗ ಗೊತ್ತಾಗ್ತಿರಲಿಲ್ಲ. ಈಗ ತುಂಬ್ಯಾದ, ಕೆಳಗ ಸ್ಟೀಲ್ ಬಕೇಟು ಇಟ್ಟಾರ. ಟಣ್. ಮತ್ತ ಸುಮ್ಮನ. ಇನ್ನ ಬೀಳಂಗಿಲ್ಲ ಅನ್ನೋದ್ರೊಳಗ ಟಣ್.

ಆರೋಗ್ಯ ಇದ್ದೋರಿಗೆ ಅದೊಂದು ಸಪ್ಪಳ. ನಾಲ್ಗಿ ಅಂಗುಳಕ್ಕ ಅಂಟಿದಾಕಿಗೆ, ಇವತ್ತಿನ ಮುಕ್ಕಾಲು ಲೀಟರಿನಾಗ ಎರಡು ಗುಟುಕು ಉಳಿಸ್ಕೊಂಡು ರಾತ್ರಿ ಮಾತ್ರಿಗೆ ಇಟ್ಟಾಕಿಗೆ, ಅದು ಏನು ಅಂತ ಹೆಂಗ ಹೇಳಲಿ? ಒಂದೊಂದು ಹನಿನೂ ನನ್ನ ಹೆಸರು ಹಿಡಿದು ಕರೆದಂಗ ಆಗ್ತಿತ್ತು. ತಲಿದಿಂಬು ಕಿವಿಗೆ ಒತ್ತಿಕೊಂಡೆ. ಬೆಣಚುಕಲ್ಲು ಬಾಯಾಗ ಹಾಕ್ಕೊಂಡೆ. ಟಣ್.

ಎಬ್ಬಿಸಬಹುದಿತ್ತು. ಒಂದು ಕೈ ಚಾಚಿದ್ರ ಮಾರುತಿ ಬೆನ್ನು ಸಿಗ್ತಿತ್ತು. “ಲೇ, ಏಳು, ಆ ನಲ್ಲಿ ನೋಡು” ಅಂದಿದ್ರ ಎದ್ದು ನೋಡ್ತಿದ್ದ. ಒಂದು ನಲ್ಲಿಗೋಸ್ಕರ, ಅದೂ ನನ್ನ ಸಲುವಾಗೇ ರಾತ್ರಿಯೆಲ್ಲ ಕೊಡ ಹೊತ್ತೋರನ್ನ ಹೆಂಗ ಎಬ್ಬಿಸೋದು ಅಂತ ನಾಚಿಕಿ ಆತು. ಪೇಷಂಟ್ ಆದ ಮ್ಯಾಲೆ ಈ ನಾಚಿಕಿ ಒಂದು ಹೊಸ ರೋಗ ಹತ್ತಿತ್ತು ನನಗ. ನೀರು ಕೊಡ್ರಿ ಅನ್ನಾಕ ನಾಚಿಕಿ, ಚಾದರ ಹೊದಸ್ರಿ ಅನ್ನಾಕ ನಾಚಿಕಿ.

ಎದ್ದು ಹಿತ್ತಲಕ್ಕ ಹೋದೆ. ಬಕೇಟಿನಾಗ ಒಂದು ಹಳೇ ಬಟ್ಟಿ ಹಾಕಿದೆ. ಎರಡು ನಿಮಿಷ ಸಪ್ಪಳ ನಿಂತ್ತು, ಬಟ್ಟಿ ಮುಳುಗಿದ ಮ್ಯಾಲೆ ಟಣ್ ಹೋಗಿ ಟಪ್ ಆತು. ಅತ್ತಿಯ ಹಳೇ ಸೀರಿ ಅಂಚು ಹರಿದು ನಲ್ಲಿ ಬಾಯಿಗೆ ಕಟ್ಟಿ ಬಕೇಟಿನ ತಳಕ್ಕ ಇಳಿಬಿಟ್ಟೆ. ಹನಿ ಅದರ ಗುಂಟ ಸಪ್ಪಳಿಲ್ಲದಂಗ ಇಳೀಬೇಕು. ಇಳೀತು, ಗಂಟು ಜಾರ್ತು. ಕಟ್ಟಿದೆ, ಮತ್ತ ಜಾರ್ತು. ಆಮ್ಯಾಲೆ ನಲ್ಲಿ ಹಿಡಿ ಅತ್ತಿತ್ತ ತಿರುವಿ ನೋಡಿದ್ರ, ಒಂದು ಕಡೆ ಒತ್ತಿ ಮ್ಯಾಲಕ್ಕ ಎತ್ತಿ ಹಿಡಿದ್ರ ಹನಿ ಪೂರಾ ನಿಲ್ತದ. ಕೈ ಬಿಟ್ರ ಶುರು. ಕಡೇ ಹನಿ ಬೆರಳ ಮ್ಯಾಲೆ ಇತ್ತು. ನೆಕ್ಕಿದೆ. ಸುಳ್ಳು ಯಾಕ ಹೇಳ್ಲಿ.

ಒಂದು ಒಡಕು ಬಕೇಟು ಬೋರಲು ಹಾಕಿ ಅದರ ಮ್ಯಾಲೆ ಕೂತೆ. ಬಲಗೈಲೆ ನಲ್ಲಿ ಎತ್ತಿ ಹಿಡಿದೆ. ಹಿತ್ತಲದಾಗ ನೆರಳಿತ್ತು, ಡ್ರಮ್ಮು ತಣ್ಣಗಿತ್ತು. ಎಷ್ಟು ಸುಮ್ಮನ ಇತ್ತಂದ್ರ, ಪಡಸಾಲ್ಯಾಗ ಅತ್ತಿ ಗೊರಕಿ ಕೇಳ್ತಿತ್ತು. ಐದು ನಿಮಿಷ ಕೂತು ಹೋಗೋಣ ಅಂದ್ಕೊಂಡೆ. ಡ್ರಮ್ಮಿನ ಮುಚ್ಚಳದ ಮ್ಯಾಲೆ ಎಡಗೈ ಯಾವಾಗ ಮಡಚಿ ಇಟ್ಟೆನೋ, ಅದರ ಮ್ಯಾಲೆ ತಲಿ ಯಾವಾಗ ಇಟ್ಟೆನೋ, ದೇವ್ರಾಣಿ ನನಗ ಗೊತ್ತಿಲ್ಲ. ಹದಿನಾಲ್ಕು ವರ್ಷದ ರೂಢಿ. ತಲಿ ತಾನೇ ಹೋಗಿ ಅಲ್ಲಿ ಕೂತೈತಿ.

ಎಚ್ಚರಾದಾಗ ಬಿಸಿಲು ಗ್ವಾಡಿ ಹತ್ತಿತ್ತು. ಬಲಗೈ ನಲ್ಲಿ ಬಿಟ್ಟಿರಲಿಲ್ಲ, ಚೀಲ ಹಿಡಿದಂಗ ಗಟ್ಟಿ ಹಿಡಿದಿತ್ತು. ಒಂದು ಹನಿನೂ ಬಿದ್ದಿರಲಿಲ್ಲ. ಎಡಗೈ ಜೋಮು ಹಿಡಿದು ಕಟ್ಟಿಗಿ ಆಗಿತ್ತು. ಕೊಡವಿದೆ. ತಿಕ್ಕಿದೆ. ಬೆರಳು ಇಟ್ಟು ನೋಡಿದೆ. ಝುಂ ಅನ್ನವಲ್ದು. ಇನ್ನೊಂದು ಬೆರಳು ಇಟ್ಟೆ. ಅಂಗೈ ಇಟ್ಟೆ.

“ಶಿಲ್ಪಾ!” ಅಂತ ಆಗ ಒದರಿದೆ. ಆಗ.

ಮೂವರೂ ಓಡಿ ಬಂದ್ರು. ಶಿಲ್ಪಾ ತೋಳಿಗೆ ಕಿವಿ ಹಚ್ಚಿದ್ಳು. ಕಿವಿ ಬದಲಿಸಿ ಹಚ್ಚಿದ್ಳು. “ಅಜ್ಜಿ, ಸುಮ್ಮನಿರ್ರಿ, ಮಾತಾಡಬ್ಯಾಡ್ರಿ” ಅಂದ್ಳು. ಯಾರೂ ಮಾತಾಡ್ತಿರಲಿಲ್ಲ. ಆಮ್ಯಾಲೆ ಮುಖ ಎತ್ತಿ, “ಅವ್ವಾ, ನನಗ ಕೇಳ್ಸವಲ್ದು” ಅಂದ್ಳು.

ಟೆಕ್ನಿಷಿಯನ್ ಮೇಡಂಗೆ ಫೋನು ಮಾಡಿದ್ರ, “ಈಗಿಂದೀಗ ದಾವಣಗೆರೆಗೆ ಹೊರಡ್ರಿ, ಚಾ ಕುಡಿಯಾಕೂ ನಿಲ್ಲಬ್ಯಾಡ್ರಿ” ಅಂದ್ಳು. ಓಣಿಯವರ ಕಾರು ಮಾಡ್ಕೊಂಡು ಹೊರಟ್ವಿ. ದಾರಿ ಉದ್ದಕ್ಕೂ ಶಿಲ್ಪಾ ತೋಳು ಬಿಡಲಿಲ್ಲ. ಹರಪನಹಳ್ಳಿ ದಾಟಿದ ಮ್ಯಾಲೆ ಒಮ್ಮೆ “ಬಂತು ಅನ್ನಿಸ್ತೈತಿ” ಅಂದ್ಳು. ಅದು ಕಾರಿನ ನಡುಕ.

ಒಳಗ ರಕ್ತ ಹೆಪ್ಪುಗಟ್ಟಿತ್ತು. ಡಾಕ್ಟರು ರಾತ್ರಿನೇ ಕೈ ಕೊಯ್ದು ಅದನ್ನ ತೆಗಿಯಾಕ ಒಂದು ಸಲ ಪ್ರಯತ್ನ ಮಾಡಿದ್ರು, ಮರುದಿನ ಇನ್ನೊಂದು ಸಲ. ಮೂರನೇ ದಿನ ಕುತ್ತಿಗಿಗೆ ಪೈಪ್ ಹಾಕಿದ್ರು. “ಹೆಂಗಾಯ್ತಮ್ಮ ಇದು? ಅಷ್ಟು ಹೇಳಿದ್ನಲ್ಲ” ಅಂತ ಕೇಳಿದ್ರು. ಏನಂತ ಹೇಳೋದು? ನಲ್ಲಿ ಸೋರ್ತಿತ್ತು ಸರ್, ಮನ್ಯಾಗ ಎಲ್ರೂ ಮಲಗಿದ್ರು ಅಂತ ಹೇಳೋದಾ? “ನಿದ್ದಿಗಣ್ಣಾಗ ಕೈ ಮ್ಯಾಲೆ ಮಲಗಿಬಿಟ್ಟೆ” ಅಂದೆ. ಅವರು ಬೈಲಿಲ್ಲ. ಬೈದಿದ್ರ ಚೊಲೋ ಇತ್ತು, ಬೈಲಿಲ್ಲ ಅಂದ್ರ ಇನ್ನ ಕೈಯಾಗ ಏನೂ ಉಳಿದಿಲ್ಲ ಅಂತ ಅರ್ಥ.

ಅತ್ತಿಯ ಒಂದೇ ಮಾತು: “ನನ್ನ ಎಬ್ಬಿಸಬಾರ್ದಿತ್ತೇನ ರೇಣಿ? ನಾನು ಕೂತು ಹಿಡ್ಕೊಂತಿದ್ದೆ. ದಿನವೆಲ್ಲ ಹಿಡ್ಕೊಂತಿದ್ದೆ.” ಈಗಲೂ ಉಣ್ಣಾಕ ಕೂತಾಗ ಒಮ್ಮೊಮ್ಮೆ ಅಂತಾಳ.

ಎಂಟು ದಿನದ ಮ್ಯಾಲೆ ಮಾರುತಿ ಬಾಯಿ ಬಿಟ್ಟ. ಪೈಪಿನ ಡ್ರೆಸ್ಸಿಂಗಿಗೆ ಹೋದಾಗ, ಅದೇ ಬೆಂಚು, ಅದೇ ಟೈಲ್ಸ್ ನೋಡ್ಕೊಂತ ಕೂತಿದ್ದ. ತಲಿ ಎತ್ತದೇ ಹೇಳಿದ.

“ನನಗ ಎಚ್ಚರಿತ್ತು.”

“ಏನಂದಿ?”

“ನೀ ಬಂದಿದ್ದು ಗೊತ್ತಾತು. ಬಕೇಟ್ ಸರಿಸಿದ್ದು ಕೇಳ್ತು. ಏಳಬೇಕು ಅಂದ್ಕೊಂಡೆ. ಅಷ್ಟರಾಗ ಸಪ್ಪಳ ನಿಂತ್ತು. ಸದ್ಯ, ನಿಂತ್ತಲ್ಲ ಅಂತ ಮಗ್ಗಲಾದೆ.”

ನನಗ ಅವನ ಕೊರಳಪಟ್ಟಿ ಹಿಡಿದು ಜಗ್ಗಬೇಕು ಅನ್ನಿಸ್ತು. ಬಸ್ಸಿನಾಗ ಕುಡಿದು ಬಂದೋರನ್ನ ಹಿಡಿದು ಇಳಿಸಿದ ಕೈ ಇದು. ಎತ್ತಾಕ ಹೋದ್ರ ಕೊಯ್ದ ಎಡಗೈ ಬೆರಳು ಮಡಚಲಿಲ್ಲ. ಅವನು ಅಳ್ತಿದ್ದ. ಸುತ್ತ ಕೂತೋರು ನೋಡ್ತಿದ್ರು. “ಸಾಕು, ಮಂದಿ ನೋಡಾಕ ಹತ್ಯಾರ” ಅಂದೆ. ಅದಕ್ಕಿಂತ ಚೊಲೋ ಮಾತು ನನ್ನ ಬಾಯಾಗ ಬರ್ಲಿಲ್ಲ. ಏಳದೇ ಮಗ್ಗಲಾಗಿದ್ದಕ್ಕ ಇಂದಿಗೂ ನಾನು ಅವನನ್ನ ಪೂರಾ ಕ್ಷಮಿಸಿಲ್ಲ, ಅವನೂ ಕೇಳಿಲ್ಲ.

ಆಸ್ಪತ್ರಿಯಿಂದ ಬಂದ ದಿನನೇ ಆ ನಲ್ಲಿ ಕಿತ್ತು ಒಗೆದಿದ್ದ. ತೂತಿಗೆ ಸಿಮೆಂಟು ಮೆತ್ತ್ಯಾನ. ಈಗ ಮುಚ್ಚಳ ತೆಗೆದು ತಂಬಿಗಿಲೆ ನೀರು ತೋಡ್ಕೊಂತೀವಿ. ಮನ್ಯಾಗ ಏನೂ ಸೋರಂಗಿಲ್ಲ. ಶಿಲ್ಪಾ ರಾತ್ರಿ ನನ್ನ ಹತ್ರ ಬರೋದು ಬಿಟ್ಟಿಲ್ಲ. ಬರ್ತಾಳ, ಪಕ್ಕಕ್ಕ ಕೂಡ್ತಾಳ, ತೋಳು ಹಿಡ್ಕೊಂತಾಳ, ಕಿವಿ ಮಾತ್ರ ಹಚ್ಚಂಗಿಲ್ಲ. ನಾನು ಒಬ್ಬಳೇ ಇದ್ದಾಗ ಬೆರಳಿಟ್ಟು ನೋಡ್ತೀನಿ. ಗಟ್ಟಿ ಹುರಿ ಸಿಗ್ತೈತಿ ಕೈಗೆ, ಅಷ್ಟೇ.

ಚೊಲೋ ಆಗ್ತದ, ಧೈರ್ಯ ತಗೋರಿ ಅಂತ ಬರೀಬೇಕಂತ ಹೇಳ್ತಾರ ಇಂಥದ್ರಾಗ. ನನಗ ಬರಂಗಿಲ್ಲ. ನನ್ನಂಗ ಚಾಪಿ ಮ್ಯಾಲೆ ಎದ್ದು ಕೂತು, ಮಲಗಿದೋರ ಬೆನ್ನು ನೋಡ್ಕೊಂತ, ಎಬ್ಬಿಸ್ಲೋ ಬ್ಯಾಡೋ ಅಂತ ಲೆಕ್ಕ ಹಾಕೋರು ಯಾವ್ಯಾವ ಮನ್ಯಾಗ ಅದಾರೋ, ಅವರಿಗೆ ನಾನೂ ಒಬ್ಬಾಕಿ ಇದ್ದೀನಿ ಅಂತ ಗೊತ್ತಾಗ್ಲಿ ಸಾಕು.

ಹೋದ ವಾರ ಮತ್ತ ನೀರು ಬಂದಿತ್ತು. ಮತ್ತ ಮಧ್ಯಾಹ್ನ ಮೂವರೂ ಸಾಲಾಗಿ ಮಲಗಿದ್ರು. ನನಗ ಚಳಿ ಶುರು ಆತು. ಹಲ್ಲು ಕಟಕಟ ಅಂತ ಹೊಡ್ಕೊಳ್ಳೋ ಚಳಿ, ಪೈಪಿನ ಸುತ್ತ ಬೆಂಕಿ ಇಟ್ಟಂಗ ಉರಿ. ಡಾಕ್ಟರು ಹೇಳಿದ ನಂಜು ಇದೇ ಅಂತ ಗೊತ್ತಾತು. ಎದ್ದು ಗ್ವಾಡಿ ಹಿಡ್ಕೊಂಡು ಅವರ ಕಾಲ ಹತ್ರ ನಿಂತೆ. ಅತ್ತಿ ಪಾದ ರಾತ್ರಿ ನೀರಾಗ ನೆನೆದು ಬೆಳ್ಳಗಾಗಿದ್ವು. ಆ ಹಾಳು ನಾಚಿಕಿ ಮತ್ತ ಬಂತು. ಇನ್ನೊಂದು ಹತ್ತು ನಿಮಿಷ ಮಲಗಲಿ ಅನ್ನಿಸ್ತು. ಅನ್ನಿಸ್ತು, ಖರೇನ.

ಆಮ್ಯಾಲೆ ಕುತ್ತಿಗಿ ಪೈಪು ಒತ್ತಿ ಹಿಡ್ಕೊಂಡು, ಇದ್ದಷ್ಟು ದನಿ ತೆಗೆದು, ಬಸ್ಸಿನಾಗ ಒದರಿದಂಗ ಒದರಿದೆ: “ಏಳ್ರೀ! ಊರು ಬಂತು, ಏಳ್ರೀ!”

ಮೂವರೂ ಗಾಬರಿ ಬಿದ್ದು ಎದ್ದು ಕೂತ್ರು. ನನ್ನ ಮುಖ ನೋಡಿದ್ರು. ಮಾರುತಿ ಅಂಗಿ ಹುಡುಕಿದ, ಶಿಲ್ಪಾ ಫೋನು ತಗೊಂಡ್ಳು, ಅತ್ತಿ ಕಂಬಳಿ ತಂದು ನನಗ ಸುತ್ತಿದ್ಳು. ಯಾವ ಊರು ಅಂತ ಯಾರೂ ಕೇಳಲಿಲ್ಲ.